ಅವ್ವನ ಮೊಣಕಾಲು

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ನಮ್ಮ ಸೀಮೆಯ ಗಾದೆಯನ್ನು ತಾವು ಕೇಳಿರಬಹುದು. ಪ್ರಿಯ ಓದುಗರೇ, ನನ್ನ ಅವ್ವನಿಗೆ ಈಗ ಉಳಿದಿರುವುದು ಕಣ್ಣು ಮಾತ್ರ. ಗಂಗಾವತಿ ಕಡೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಮೂವತ್ತು ವರ್ಷ ಬಾಗಿ ಭತ್ತ ನಾಟಿ ಮಾಡಿದವಳ ಮೊಣಕಾಲುಗಳು ಮಡಚಲು ಒಪ್ಪುತ್ತಿಲ್ಲ. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ 18 ವರ್ಷ ನಡು ಬಾಗಿಯೇ ಇದ್ದ ಸ್ತ್ರೀಯ ಪ್ರಸಂಗವನ್ನು ಗುರುಗಳು ಓದಿದಾಗಲೆಲ್ಲ ನನ್ನ ಕಣ್ಣಮುಂದೆ ನಿಲ್ಲುವುದು ನಾಟಿಯ ಗದ್ದೆಯೇ.

ನೋವಿಗಿಂತ ಅವಳನ್ನು ಬಾಧಿಸುತ್ತಿದ್ದುದು ಬೇರೊಂದು ಸಂಗತಿ. ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ಅವಳೊಬ್ಬಳು ಹಿಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. "ದೇವರ ಮುಂದ ಕುರ್ಚಿ ಮ್ಯಾಲೆ ಕುಂದ್ರೋದು ನನಗ ಸರಿ ಅನಸಂಗಿಲ್ಲಪಾ" ಎನ್ನುತ್ತಿದ್ದಳು.

ವೈದ್ಯರು ಮೊದಲು ಕೇಳಿದ್ದು ಕುಡಿಯುವ ನೀರಿನ ವಿಚಾರ. ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದರಿಂದಲೂ ಕೀಲುಗಳು ಬಿಗಿಯುತ್ತವೆ. ಅವ್ವನದು ಅದಲ್ಲ, ಸಂಧಿವಾತ. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಆದಕಾರಣ ಒಮ್ಮೆ ಸವೆದರೆ ಅದು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಅದರಲ್ಲಿರುವ ಕೆಲವೇ ಜೀವಕೋಶಗಳು ಉರಿಯೂತಕ್ಕೆ ಸಿಕ್ಕಿದಾಗ, ತಾವೇ ಕಟ್ಟಿದ ಮೆತ್ತೆಯನ್ನು ಕರಗಿಸುವ ರಸಗಳನ್ನು ಸುರಿಸತೊಡಗುತ್ತವೆ. ಕಟ್ಟಿದ ಕೈಯೇ ಕೆಡವುವುದೆಂದರೆ ಇದೇ.

ಹೀಗಿರುವಾಗ, 2025ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಮೊಣಕಾಲಿನ ಸಂಧಿವಾತಕ್ಕೆ ಅಲ್ಪ ಪ್ರಮಾಣದ ವಿಕಿರಣ ಕೊಟ್ಟು ನೋಡಿದ ಸುದ್ದಿ ಓದಿದೆ. 114 ರೋಗಿಗಳು, ಆರು ಸರದಿ, ಒಟ್ಟು 3 ಗ್ರೇ. ಕ್ಯಾನ್ಸರ್ ಗಡ್ಡೆಗೆ ಕೊಡುವ ಪ್ರಮಾಣ ಅನೇಕ ವೇಳೆ 60 ಗ್ರೇ ಮುಟ್ಟುತ್ತದೆ. ಹೆಚ್ಚು ಪ್ರಮಾಣದಲ್ಲಿ ಜೀವಕೋಶವನ್ನು ಕೊಲ್ಲುವ ಅದೇ ಕಿರಣ, ಅಲ್ಪ ಪ್ರಮಾಣದಲ್ಲಿ ಉರಿಯೂತದ ಕೋಶಗಳನ್ನು ಶಾಂತಗೊಳಿಸುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಜರ್ಮನಿಯಲ್ಲಿ ದಶಕಗಳಿಂದ ಈ ಚಿಕಿತ್ಸೆ ರೂಢಿಯಲ್ಲಿದೆ.

ಓದಿದವನೇ ಅವ್ವನಿಗೆ ಹೇಳಿಬಿಟ್ಟೆ. ಅಲ್ಲಿ ನಾನು ತಪ್ಪಿದೆ. "ಹಂಗಾದ್ರ ನಾ ಮತ್ತ ಮೊಣಕಾಲು ಊರಬಹುದಾ?" ಎಂದು ಅವಳು ಕೇಳಿದ ದನಿಯನ್ನು ನಾನು ಮರೆಯಲಾರೆ. ಬೆಂಗಳೂರಿಗೆ ಹೋಗುವ ಖರ್ಚಿಗೆ ಕಿವಿಯೋಲೆ ಅಡವಿಡುವ ಮಾತನ್ನೂ ಆಡಿದಳು.

ಆಮೇಲೆ ಕುಳಿತು ಪೂರ್ತಿ ಓದಿದೆ. ನಾಲ್ಕು ತಿಂಗಳ ನಂತರ 3 ಗ್ರೇ ಪಡೆದವರಲ್ಲಿ ಶೇಕಡಾ 70ರಷ್ಟು ಮಂದಿ ಸುಧಾರಿಸಿದ್ದರು, ನಿಜ. ಆದರೆ ಯಂತ್ರದ ಕೆಳಗೆ ಸುಮ್ಮನೆ ಮಲಗಿಸಿ ಕಿರಣವನ್ನೇ ಕೊಡದವರಲ್ಲೂ ಶೇಕಡಾ 42ರಷ್ಟು ಜನ ಸುಧಾರಿಸಿದ್ದರು! ಅವರು ಸುಳ್ಳು ಹೇಳಿದರೆಂದು ನಾನು ನಂಬಲಾರೆ. ತನ್ನ ನೋವನ್ನು ಯಾರೋ ಗಮನಿಸುತ್ತಿದ್ದಾರೆಂಬ ಭರವಸೆಗೂ ಒಂದು ಬಲವಿರಬೇಕು. ಇದಕ್ಕೆ ಹಿಂದೆ, 2018ರ ಸುಮಾರಿಗೆ, ನೆದರ್ಲೆಂಡ್ಸಿನ ವೈದ್ಯರು ಇದೇ ರೀತಿ ಪರೀಕ್ಷಿಸಿದಾಗ ನಿಜವಾದ ಕಿರಣಕ್ಕೂ ಹುಸಿ ಚಿಕಿತ್ಸೆಗೂ ಹೇಳಿಕೊಳ್ಳುವಂಥ ಅಂತರ ಕಂಡಿರಲಿಲ್ಲ. ಅಲ್ಲದೆ ಕೊರಿಯಾದ ರೋಗಿಗಳದು ಸೌಮ್ಯ ಅಥವಾ ಮಧ್ಯಮ ಹಂತದ ಬೇನೆ. ಅವ್ವನ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಸಂದು ಉಳಿದೇ ಇರಲಿಲ್ಲ. ಇಲ್ಲದ ಮೆತ್ತೆಯನ್ನು ಯಾವ ಕಿರಣವೂ ಮರಳಿ ತರದು ಎಂದು ವೈದ್ಯರೂ ಹೇಳಿದರು.

ಇದನ್ನು ಅವಳಿಗೆ ತಿಳಿಸಲು ನನಗೆ ಎರಡು ದಿನ ಬೇಕಾಯಿತು. ಅವಳು ಸೊಪ್ಪು ಸೋಸುತ್ತ ಕೇಳಿಸಿಕೊಂಡಳು. ಓಲೆ ಉಳಿಯಿತಲ್ಲ ಎಂದಳು, ಅಷ್ಟೇ. ಈಗ ವೈದ್ಯರು ಹೇಳಿಕೊಟ್ಟಂತೆ ದಿನವೂ ಮಂಚದ ಅಂಚಿನಲ್ಲಿ ಕುಳಿತು ಕಾಲು ನೀಡಿ, ಎತ್ತಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡುತ್ತಾಳೆ. ಎಣಿಕೆ ತಪ್ಪದಿರಲೆಂದು ಕೈಯಲ್ಲಿ ಜಪಮಾಲೆ ಹಿಡಿದಿರುತ್ತಾಳೆ. ಒಂದು ಮಣಿಗೆ ಒಂದು ಸಲ.

ಕಳೆದ ಭಾನುವಾರ ಕುರ್ಚಿಯಿಂದ ಯಾರ ಕೈಯನ್ನೂ ಹಿಡಿಯದೆ ಎದ್ದು, ಪರಮಪ್ರಸಾದದ ಸಾಲಿನಲ್ಲಿ ನಿಂತಳು.