ಚದುರಿದ ಗುಂಡಿನ ಜಾಡು

ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲೇ, ಹಿರೇಕೆರೂರಿನ ನಮ್ಮ ಹಿತ್ತಲಿಗೆ ಇಳಿಯುತ್ತೇನೆ. ಗೋಡೆಗೆ ಒತ್ತಿ ಪೇರಿಸಿದ ಮಣ್ಣಿನ ಚೀಲಗಳು, ಅವುಗಳ ಮುಂದೆ ರಟ್ಟಿಗೆ ಅಂಟಿಸಿದ ಗುರಿಹಾಳೆ. 10 ಮೀಟರ್ ಈಚೆಗೆ ನಾನು, ನನ್ನ ಏರ್ ರೈಫಲ್ಲು. ಬೀಜಿಂಗಿನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇಷ್ಟೇ ದೂರದಿಂದ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೇ 0.5 ಮಿಲಿಮೀಟರ್.

ಅಜ್ಜನ ಹತ್ತಿರ ಲೈಸೆನ್ಸಿನ ಕೇಪಿನ ಬಂದೂಕಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಬಿಟ್ಟ. ಗೋವಿನಜೋಳಕ್ಕೆ ಹಂದಿ ನುಗ್ಗಿದ ರಾತ್ರಿ ಆಕಾಶಕ್ಕೆ ಹಾರಿಸಿ ಸದ್ದು ಮಾಡುತ್ತಿದ್ದ, ಅಷ್ಟೇ. ಬಂದೂಕು ಈಗಿಲ್ಲ, ಅವನ ಮಾತಿದೆ: “ತಮ್ಮಾ, ಗುಂಡೆಲ್ಲಾ ಒಂದ ಕಡೆ ತಪ್ಪಿದ್ರ ನಿನ್ನ ಗುರಿ ತಿದ್ಕೋ. ದಿಕ್ಕಾಪಾಲಾಗಿ ತಪ್ಪಿದ್ರ ಬಂದೂಕಿನ ಮೈ ಮುಟ್ಟಿ ನೋಡು, ಎಲ್ಲೋ ಬ್ಯಾನಿ ಐತಿ.”

ಹೋದ ಮಳೆಗಾಲ ನನ್ನ ರೈಫಲ್ಲಿಗೆ ಆ ಬ್ಯಾನಿ ಬಂತು. ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದ ಐದು ತೂತು ಅಂಗೈಯಗಲ ಹರಡಿದವು. ಹೀಗಾದಾಗ ನನ್ನ ನೇಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಐದು ಗುಂಡು ಹಾರಿಸು, ಬರೆದಿಡು.

ಮೊದಲು ಗುಂಡು. 4.5 ಮಿಲಿಮೀಟರಿನ ಸೀಸದ ಗುಂಡಿಗೆ ನಡು ಸಣ್ಣ, ಹಿಂಬದಿ ಲಂಗದಂತೆ ತೆಳುವು. ಡಬ್ಬಿಯಲ್ಲಿ ಒಂದಕ್ಕೊಂದು ತಾಗಿದರೆ ಆ ಅಂಚು ನೆಗ್ಗುತ್ತದೆ. ಭೂತಗನ್ನಡಿ ಹಿಡಿದು ನೆಗ್ಗಿದ್ದನ್ನೆಲ್ಲ ಆರಿಸಿ ತೆಗೆದೆ. ಹರವು ತುಸು ಕುಗ್ಗಿತು. ಆಮೇಲೆ ನಳಿಗೆ ಮಡಚುವ ಕೀಲು. ಅದರ ಮೇಲೆ ಒಂದೆಳೆ ಅರಳೆ ಇಟ್ಟು ಹಾರಿಸಿದೆ. ಅರಳೆ ಮಿಸುಕಲಿಲ್ಲ, ಅಲ್ಲಿ ಗಾಳಿ ಸೋರುತ್ತಿಲ್ಲ. ಮೂರನೆಯದು ನನ್ನ ಹಿಡಿತ. ಸ್ಪ್ರಿಂಗ್ ಬಿಚ್ಚಿ ಒಳಗಿನ ಪಿಸ್ಟನ್ ಮುನ್ನುಗ್ಗುವಾಗ, ಗುಂಡು ನಳಿಗೆ ದಾಟುವ ಮೊದಲೇ, ರೈಫಲ್ಲು ಹಿಂದೆ ಮುಂದೆ ಜಗ್ಗುತ್ತದೆ. ಬಿಗಿಹಿಡಿದರೆ ಆ ಜಗ್ಗು ಪ್ರತಿಸಲ ಬೇರೆಯಾಗುತ್ತದೆ. ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ ಅಂಗೈ ಮೇಲೆ ಹಗುರಾಗಿ ತಾಳಿದೆ. ಹರವು ಇನ್ನೂ ಕುಗ್ಗಿತು, ಮಾಯಲಿಲ್ಲ.

ಕೊನೆಗೆ ರೈಫಲ್ಲಿನ ಕಟ್ಟಿಗೆಯ ಹಿಡಿಗೆ ಹಾಕಿದ ಸ್ಕ್ರೂಗಳು. ಮುಂದಿನದಕ್ಕೆ ಸ್ಕ್ರೂಡ್ರೈವರ್ ಇಟ್ಟೆ. ಬಲ ಹಾಕದೆಯೇ ಅರ್ಧ ಸುತ್ತು ತಿರುಗಿತು. ಹಾರಿಸಿದ ಪ್ರತಿ ಗುಂಡಿನ ಅದುರಿಗೆ ಕೂದಲೆಳೆಯಷ್ಟು ಸಡಿಲಾಗುತ್ತ ಬಂದಿತ್ತು. ಬಿಗಿ ಮಾಡಿ ಹಾರಿಸಿದೆ. ಐದೂ ನಾಣ್ಯದಡಿ ಬಂದವು.

ಅಲ್ಲಿಗೇ ನಿಲ್ಲಲು ಮನಸ್ಸು ಒಪ್ಪಲಿಲ್ಲ. ಅದೇ ಸ್ಕ್ರೂ ಮತ್ತೆ ಅರ್ಧ ಸುತ್ತು ಸಡಿಲಿಸಿ ಐದು ಹಾರಿಸಿದೆ, ಚದುರಿದವು. ಬಿಗಿದೆ, ಕೂಡಿದವು. ರೋಗವನ್ನು ಕರೆದರೆ ಬರಬೇಕು, ಹೋಗೆಂದರೆ ಹೋಗಬೇಕು. ಆಗಲೇ ಅದು ಕೈಗೆ ಸಿಕ್ಕಂತೆ. ಮೂರೂ ಹಾಳೆಗೆ ತಾರೀಖು ಹಾಕಿ ವಹಿಯಲ್ಲಿ ಅಂಟಿಸಿದೆ. ನಡುವಿನ ಆ ಚದುರಿದ ಹಾಳೆಯನ್ನೇ ನಾನು ಹೆಚ್ಚು ಸಲ ತೆರೆದು ನೋಡುವುದು.