ಹಳೆಯ ಹರಿಗೋಲಿಗೆ ಹೊಸ ತೊಗಲು

ಕಳಲೆ ಎಂದರೆ ಮಳೆಗಾಲದಲ್ಲಿ ಬಿದಿರ ಮೆಳೆಯ ಬುಡದಿಂದ ಮೂಡುವ ಎಳೆಯ ಮೊಳಕೆ. ಕೊಡಗು, ಮಲೆನಾಡಿನ ಅಡುಗೆಮನೆಗಳಲ್ಲಿ ಅದರ ಪಲ್ಯಕ್ಕೆ, ಸಾರಿಗೆ ವಿಶೇಷ ಮರ್ಯಾದೆ. ಅದೇ ಹೆಸರಿನ ಊರೊಂದು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿದೆ. ಶ್ರೀಕಂಠೇಶ್ವರನ ದರ್ಶನಕ್ಕೆ ಬರುವವರಲ್ಲಿ ಹೆಚ್ಚಿನವರು ಹೊಳೆಯಲ್ಲಿ ಮಿಂದು, ರಸಬಾಳೆಹಣ್ಣು ಸಿಕ್ಕೀತೇ ಎಂದು ಅಂಗಡಿ ಬೀದಿಯಲ್ಲಿ ಕಣ್ಣಾಡಿಸಿ ಹಿಂದಿರುಗುತ್ತಾರೆ. ಕೆಲವೇ ಕಿಲೋಮೀಟರು ಆಚೆಗಿರುವ ಕಳಲೆಗೆ ಹೋಗಿ, ಅಲ್ಲಿಯ ಲಕ್ಷ್ಮೀಕಾಂತಸ್ವಾಮಿ ದೇವಾಲಯವನ್ನು ನೋಡುವವರು ಕಡಿಮೆ.

ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಮಾತ್ರ ಈ ಊರಿನ ಹೆಸರು ಹೊಸದಲ್ಲ. ಮೈಸೂರಿನ ಒಡೆಯರಿಗೆ ದಳವಾಯಿಗಳನ್ನು, ಅಂದರೆ ಸೇನಾಪತಿಗಳನ್ನು ಕೊಟ್ಟ ಮನೆತನ ಕಳಲೆಯದು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ದಳವಾಯಿ ದೇವರಾಜಯ್ಯ ಮತ್ತು ಕರಾಚೂರಿ ನಂಜರಾಜಯ್ಯ ಎಂಬ ಸೋದರರ ಮಾತೇ ರಾಜ್ಯದಲ್ಲಿ ನಡೆಯುತ್ತಿತ್ತು. ನಂಜರಾಜಯ್ಯ ಕತ್ತಿಯ ಜೊತೆಗೆ ಲೇಖನಿಯನ್ನೂ ಹಿಡಿದವನು. ಕನ್ನಡದಲ್ಲಿ ಹಲವು ಗ್ರಂಥಗಳನ್ನು ಬರೆದವನು. ಮುಂದೆ ಹೈದರಾಲಿ ತಲೆಯೆತ್ತಿದ ಮೇಲೆ ಈ ಮನೆತನದ ಪ್ರಭಾವ ಇಳಿಯಿತು.

ಸೇತುವೆ ಬಂದರೂ ಉಳಿದದ್ದು

ಕಳಲೆಯ ದಳವಾಯಿಗಳ ಗುರುತು ನಂಜನಗೂಡಿನ ಹೊಳೆಯ ಮೇಲೂ ನಿಂತಿದೆ. ಕಪಿಲೆಗೆ, ಅಂದರೆ ಕಬಿನಿಗೆ, ಅಡ್ಡಲಾಗಿ 1735ರ ಸುಮಾರಿಗೆ ದಳವಾಯಿ ದೇವರಾಜಯ್ಯ ಕಟ್ಟಿಸಿದನೆನ್ನಲಾದ ಕಲ್ಲಿನ ಸೇತುವೆ ಅದು. ಮೊದಲು ಎತ್ತಿನಗಾಡಿಗಳನ್ನು, ಆಮೇಲೆ ಮೋಟಾರುಗಳನ್ನು, ಮೀಟರ್‌ಗೇಜ್ ರೈಲನ್ನೂ ಅದು ಹೊತ್ತಿತು. ಬ್ರಾಡ್‌ಗೇಜ್ ಬಂದಾಗ ರೈಲು ಪಕ್ಕದ ಹೊಸ ಸೇತುವೆಗೆ ಸರಿಯಿತು. ಹಳೆಯದು ನೋಡುವವರಿಗಾಗಿ ಉಳಿದಿದೆ.

ಸೇತುವೆ ಇಲ್ಲದ ಕಾಲದಲ್ಲಿ, ಸೇತುವೆ ಇಲ್ಲದ ಕಡೆಗಳಲ್ಲಿ ಜನ ಹೊಳೆ ದಾಟುತ್ತಿದ್ದದ್ದು ಹರಿಗೋಲಿನಲ್ಲಿ. ಬಿದಿರಿನ ದೊಡ್ಡ ಬುಟ್ಟಿಯಂತಿರುವ ಈ ದುಂಡು ದೋಣಿಗೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಹಿಂದು ಮುಂದು ಎಂಬುದೂ ಇಲ್ಲ. ನಂಜನಗೂಡಿನಿಂದ ಕಪಿಲೆಯ ಜಾಡು ಹಿಡಿದು ಕೆಳಗೆ ಹೋದರೆ ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಆ ಸಂಗಮದಲ್ಲೂ, ಅದಕ್ಕೂ ಕೆಳಗಿನ ತಲಕಾಡಿನಲ್ಲೂ ಹರಿಗೋಲುಗಳು ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುವುದನ್ನು ನೋಡಬಹುದು.

ಪ್ರವಾಸಿಗರ ಕಣ್ಣಿಗೆ ಬೀಳುವುದು ನೀರಿನ ಮೇಲಿರುವ ಹರಿಗೋಲು. ಅದರ ನಿಜವಾದ ಕಥೆ ಇರುವುದು ದಡದಲ್ಲಿ, ಬೋರಲು ಹಾಕಿದ ಹಳೆಯ ಹರಿಗೋಲಿನ ಸುತ್ತ.

ದುರಸ್ತಿಯ ದಿನ

ಹರಿಗೋಲಿಗೆ ಎರಡು ಭಾಗ. ಒಳಗೆ ಬಿದಿರಿನ ಹಂದರ, ಹೊರಗೆ ನೀರು ತಡೆಯುವ ತೊಗಲು. ಇವೆರಡರ ಆಯುಸ್ಸು ಒಂದೇ ಅಲ್ಲ. ಕಲ್ಲಿಗೆ, ಮರಳಿಗೆ ಉಜ್ಜಿ ಹೊದಿಕೆ ಬೇಗ ಸವೆಯುತ್ತದೆ. ಚೆನ್ನಾಗಿ ನೋಡಿಕೊಂಡ ಹಂದರ ಅದಕ್ಕಿಂತ ಬಹಳ ದಿನ ಬಾಳುತ್ತದೆ. ಆದ್ದರಿಂದ ಹಳೆಯ ಹರಿಗೋಲನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ. ಅದರ ಮೈ ಸುಲಿದು ಹೊಸ ಮೈ ಹೊದಿಸುತ್ತಾರೆ.

ಮೊದಲ ಕೆಲಸ ದೋಣಿಯನ್ನು ದಡಕ್ಕೆಳೆದು, ಬೋರಲು ಹಾಕಿ, ಬಿಸಿಲಿನಲ್ಲಿ ಒಣಗಿಸುವುದು. ಹದ ಆರದ ಬಿದಿರಿನ ಮೇಲೆ ಏನು ಬಳಿದರೂ ನಿಲ್ಲದು. ಒಣಗಿದ ಮೇಲೆ ಅದರ ಕೆಳಗೆ ತಲೆ ತೂರಿಸಿ ನೋಡಿದರೆ ತೂತು ಇದ್ದ ಕಡೆಯೆಲ್ಲ ಬೆಳಕಿನ ಚುಕ್ಕಿ ಕಾಣುತ್ತದೆ. ಅನಂತರ ಹಳೆಯ ಹೊದಿಕೆಯನ್ನು ಕಿತ್ತು, ಹಂದರದ ಒಂದೊಂದು ದಬ್ಬೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾದ ದಬ್ಬೆ ಒತ್ತಿದರೆ ಬಳುಕಿ ಹಿಂದಕ್ಕೆ ಪುಟಿಯುತ್ತದೆ. ಹುಳ ಹಿಡಿದದ್ದು, ಕೊಳೆತದ್ದು ಲಟಕ್ಕನೆ ಮುರಿಯುತ್ತದೆ.

ಮುರಿದ ದಬ್ಬೆಯ ಜಾಗಕ್ಕೆ ಹೊಸ ದಬ್ಬೆ ಸೇರಿಸುವುದರಲ್ಲೇ ಕಸುಬಿನ ಜಾಣ್ಮೆ ಇರುವುದು. ಬುಟ್ಟಿ ಹೆಣೆದಂತೆ ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತ ಹೋಗಬೇಕು. ಹೊಸ ಸೀಳು ಹಳೆಯದಕ್ಕಿಂತ ದಪ್ಪವಾದರೆ ಅಕ್ಕಪಕ್ಕದ ಹೆಣಿಗೆ ಸಡಿಲವಾಗುತ್ತದೆ. ತೆಳುವಾದರೆ ಭಾರ ಬಿದ್ದಾಗ ಅದೇ ಮೊದಲು ಮುರಿಯುತ್ತದೆ. ತಳಕ್ಕೆ ಅಗಲವಾದ ದಬ್ಬೆಗಳ ಆಸರೆ, ಬಾಯಿಯ ಸುತ್ತ ಸಣ್ಣ ಸೀಳುಗಳ ದಪ್ಪ ಹೆಣಿಗೆ. ಬಾಯಿಯ ಅಂಚು ಬಿಗಿಯಾಗಿದ್ದರೆ ಇಡೀ ದೋಣಿ ಆಕಾರ ಕೆಡದೆ ನಿಲ್ಲುತ್ತದೆ.

ಹಂದರ ಸರಿಯಾದ ಮೇಲೆ ಹೊದಿಕೆ. ಹಿಂದೆ ಅದಕ್ಕೆ ದನ ಅಥವಾ ಎಮ್ಮೆಯ ತೊಗಲನ್ನು ಹೊಲಿಯುತ್ತಿದ್ದರು. ತೊಗಲು ಹೆಚ್ಚು ಹೊತ್ತು ನೀರಿನಲ್ಲಿದ್ದರೆ ನೆನೆದು ಮೆತ್ತಗಾಗುತ್ತದೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ಹರಿಗೋಲನ್ನು ದಡಕ್ಕೇರಿಸಿ ಒಣಗಿಸುವುದು ರೂಢಿ. ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಗೊಬ್ಬರದ ಚೀಲ ಬಂದವು. ಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಒಂದಕ್ಕೊಂದು ಹೊಲಿದು, ಹಂದರಕ್ಕೆ ಬಿಗಿಯಾಗಿ ಎಳೆದು ಅಂಚಿಗೆ ಕಟ್ಟುತ್ತಾರೆ. ಅದರ ಮೇಲೆ ಕಾಯಿಸಿದ ಡಾಂಬರು. ಹೊಲಿಗೆಯ ಸಾಲಿನ ಮೇಲೆ ಇನ್ನೊಂದು ಕೈ ಹೆಚ್ಚಾಗಿ ಬಳಿಯದಿದ್ದರೆ ನೀರು ಒಳನುಗ್ಗುವುದು ಅಲ್ಲಿಂದಲೇ. ಬಿಸಿಲಿಗೆ ಡಾಂಬರು ಗಟ್ಟಿಯಾದ ಮೇಲೆ ಮೊಣಕಾಲುದ್ದ ನೀರಿನಲ್ಲಿ ಬರಿದೋಣಿ ಬಿಟ್ಟು ಪರೀಕ್ಷೆ. ಒಳಗೆ ತೇವ ಕಂಡಲ್ಲಿ ಗುರುತು ಮಾಡಿ ಮತ್ತೆ ದಡಕ್ಕೆ.

ಆಮೇಲೆ ಸಾಮಾನು ಸರಂಜಾಮು: ಒಂದು ಹುಟ್ಟು, ನೀರು ತೆಳುವಾದ ಕಡೆ ಊರಿ ತಳ್ಳಲು ಗಣೆ, ಕಟ್ಟಿಹಾಕಲು ಹಗ್ಗ, ಜಿನುಗಿದ ನೀರು ಮೊಗೆಯಲು ಡಬ್ಬಿ. ಇಂದಿನ ದಿನದಲ್ಲಿ ಕೂರುವ ಪ್ರತಿಯೊಬ್ಬರಿಗೂ ಒಂದೊಂದು ಲೈಫ್ ಜಾಕೆಟ್.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನೂ ಇದ್ದ, ಮೇದಾರ ಕೇತಯ್ಯನೂ ಇದ್ದ. ಒಬ್ಬನ ಕಾಯಕ ದೋಣಿ, ಇನ್ನೊಬ್ಬನದು ಬಿದಿರು. ಹರಿಗೋಲಿಗೆ ಈ ಇಬ್ಬರ ಕೈಯೂ ಬೇಕು.

ದೂರದ ನೆಂಟರು

ಇಂಥ ದೋಣಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ತೊಗಲು ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅಲ್ಲಿಯ ವ್ಯಾಪಾರಿಗಳು ಹೊಳೆಯ ಸೆಳವಿನ ಜೊತೆ ಕೆಳಗೆ ಬಂದು, ಸರಕಿನ ಜೊತೆಗೆ ದೋಣಿಯ ಹಂದರವನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಹಿಂದಿರುಗುತ್ತಿದ್ದರಂತೆ. ನಮ್ಮಲ್ಲಿ ಅದಕ್ಕೆ ತದ್ವಿರುದ್ಧ: ಹಂದರ ಉಳಿಯುತ್ತದೆ, ತೊಗಲು ಬದಲಾಗುತ್ತದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಹದಿನೈದು ಇಪ್ಪತ್ತು ಜನರನ್ನು ಹೊರುವ ತೊಗಲಿನ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಅವು ನೇರವಾಗಿ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ.

ಏಕೆ ಸುತ್ತುತ್ತವೆ? ಹಾಯಿದೋಣಿಯ ತಳದಲ್ಲಿ ಉದ್ದನೆಯ ಏಣು ಇರುತ್ತದೆ. ಗಾಳಿ ಪಕ್ಕದಿಂದ ತಳ್ಳಿದರೂ ಆ ಏಣು ನೀರಿಗೆ ಆನಿಸಿಕೊಂಡು ದೋಣಿಯನ್ನು ಮುಂದಕ್ಕೆ ನಡೆಸುತ್ತದೆ. ಹರಿಗೋಲಿಗೆ ಅಂಥ ಏಣು ಇಲ್ಲ. ಹಾಯಿ ಕಟ್ಟಿದರೆ ಗಾಳಿ ಬೀಸಿದತ್ತ ಜಾರಿ ಹೋಗುತ್ತದೆ ಅಷ್ಟೆ. ಆದರೆ ಅದೇ ಕಾರಣಕ್ಕೆ ಅದು ಮೊಣಕಾಲುದ್ದ ನೀರಿನಲ್ಲೂ, ಬಂಡೆಗಳ ನಡುವೆಯೂ ನುಸುಳಬಲ್ಲದು.

ಮಕ್ಕಳು ಒಂದು ಲೆಕ್ಕ ಮಾಡಿ ನೋಡಬಹುದು. ತಳ 2 ಮೀಟರು ಅಗಲದ ಚಪ್ಪಟೆ ತಟ್ಟೆ ಎಂದುಕೊಂಡರೆ ಅದರ ವಿಸ್ತೀರ್ಣ ಸುಮಾರು 3.14 ಚದರ ಮೀಟರು. ದೋಣಿ ಒಂದು ಸೆಂಟಿಮೀಟರು ಮುಳುಗಿದರೆ ಸುಮಾರು 31 ಲೀಟರು ನೀರು ಪಕ್ಕಕ್ಕೆ ಸರಿಯುತ್ತದೆ. ಆರ್ಕಿಮಿಡೀಸನ ನಿಯಮದಂತೆ ಅದು 31 ಕಿಲೋ ಭಾರ ಹೊರಬಲ್ಲದು. ತಲಾ 60 ಕಿಲೋ ತೂಗುವ ಏಳು ಜನ ಕೂತರೆ ಅದು ಇಳಿಯುವುದು 14 ಸೆಂಟಿಮೀಟರಿಗಿಂತ ಕಡಿಮೆ. ಹಾಗಾದರೆ ಅಪಾಯ ಎಲ್ಲಿ? ಫೋಟೋ ತೆಗೆಯಲೆಂದು ಆ ಏಳು ಜನರೂ ಒಂದೇ ಮಗ್ಗುಲಿಗೆ ಸರಿದರೆ ಅಂಚು ನೀರಿಗೆ ತಾಗುತ್ತದೆ. ಭಾರ ಹೊರುವ ಲೆಕ್ಕ ಬೇರೆ, ಭಾರ ಹಂಚುವ ಲೆಕ್ಕ ಬೇರೆ.

ಕೌಂಡಿನ್ಯದ ಪಾಠ

ಬಿದಿರಿನ ಹರಿಗೋಲಿಗೆ ಈಗ ಫೈಬರ್ ಗಾಜಿನ ಹರಿಗೋಲು ಪೈಪೋಟಿಯಾಗಿದೆ. ಅದು ಹಗುರ, ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಬದುಕು ದೂಡಬೇಕಾದ ಅಂಬಿಗ ಅದನ್ನು ಕೊಂಡರೆ ತಪ್ಪೆನ್ನಲಾಗದು. ಆದರೆ ಅದು ಅಚ್ಚಿನಿಂದ ಇಳಿದು ಬರುವ ದೋಣಿ. ಅದಕ್ಕೆ ಹೆಣೆಯುವ ಕೈ ಬೇಡ, ಹೆಬ್ಬೆರಳಿನಲ್ಲಿ ದಬ್ಬೆ ಒತ್ತಿ ನೋಡುವ ಅನುಭವ ಬೇಡ. ಕಸುಬು ಕಲಿಯುವುದು ಹಳೆಯದನ್ನು ಬಿಚ್ಚಿ ಕಟ್ಟುವಾಗ. ಬಿಚ್ಚುವ ಕೆಲಸವೇ ನಿಂತರೆ ಕಲಿಕೆಯೂ ನಿಲ್ಲುತ್ತದೆ.

ನಿಂತ ಮೇಲೆ ಅದನ್ನು ಮತ್ತೆ ಪಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಸಾಕ್ಷಿ ನಮ್ಮ ಕರಾವಳಿಯಲ್ಲೇ ಇದೆ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಯನ್ನು ಸೇರಿತು. ಮೊಳೆ ಬಳಸದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಒಂದು ಕಾಲದಲ್ಲಿ ಅರಬ್ಬಿ ಸಮುದ್ರದ ತುಂಬ ಓಡಾಡುತ್ತಿದ್ದ ಹೊಲಿದ ಹಡಗುಗಳು ಮರೆಯಾಗಿದ್ದರಿಂದ, ಅಜಂತಾದ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಕೇರಳದ ಕುಶಲಿಗಳನ್ನು ಸೇರಿಸಿ, ಸರ್ಕಾರವೇ ಹಣ ಹಾಕಿ ಅದನ್ನು ಮತ್ತೆ ಕಟ್ಟಬೇಕಾಯಿತು. ಅದರ ಹಾಯಿಯ ಮೇಲಿರುವುದು ಮೈಸೂರಿನವರಿಗೆ ಚಿರಪರಿಚಿತವಾದ ಗಂಡಭೇರುಂಡ. ಹಡಗಿಗೆ ಪುರಾತನ ನಾವಿಕನೊಬ್ಬನ ಹೆಸರಿಟ್ಟಿದ್ದಾರೆ. ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಗುಂಡ್ಲುಹೊಳೆಗೂ ಕೌಂಡಿನ್ಯ ಎಂಬ ಹೆಸರೇ ಇರುವುದು ಒಂದು ಸುಂದರ ಆಕಸ್ಮಿಕ.

ಕಪಿಲೆಯ ದಡದ ಹರಿಗೋಲು ಇನ್ನೂ ಆ ಸ್ಥಿತಿಗೆ ಬಂದಿಲ್ಲ. ಅದಕ್ಕೆ ಹಳೆಯ ಚಿತ್ರ ಹುಡುಕಬೇಕಾಗಿಲ್ಲ; ಒಂದು ಹೊರೆ ಬಿದಿರು, ಕೆಲಸ ಬಲ್ಲ ಹಿರಿಯರೊಬ್ಬರು, ಪಕ್ಕದಲ್ಲಿ ಕೂತು ನೋಡುವ ಹುಡುಗನೊಬ್ಬ ಇದ್ದರೆ ಸಾಕು. ಬಿದಿರು ಸಿಗುವ ದಾರಿಯೂ ಸ್ವಲ್ಪ ಸುಗಮವಾಗಿದೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ಗಳ ಪಟ್ಟಿಯಿಂದ ಕೈಬಿಡಲಾಯಿತು.

ಹೊರಡುವ ಮುನ್ನ

ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರು. ಬಸ್ಸು, ರೈಲು ಎರಡೂ ಉಂಟು. ಬೆಳಿಗ್ಗೆ ದೇವಾಲಯ, ಹಳೆಯ ಸೇತುವೆ, ಕಳಲೆ ನೋಡಿಕೊಂಡು, ಮಧ್ಯಾಹ್ನದ ಮೇಲೆ ನರಸೀಪುರದ ಸಂಗಮಕ್ಕೆ ಹೋಗಬಹುದು. ಮಳೆಗಾಲದಲ್ಲಿ ಮಾತ್ರ ಹರಿಗೋಲಿನ ಆಸೆ ಬೇಡ. ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯ ಸ್ವರೂಪವೇ ಬದಲಾಗುತ್ತದೆ. 2019ರ ಆಗಸ್ಟಿನಲ್ಲಿ ಮೈಸೂರು–ನಂಜನಗೂಡು ಹೆದ್ದಾರಿಯೇ ಮುಳುಗಿತ್ತು.

ಹರಿಗೋಲು ಹತ್ತುವ ಮೊದಲು ತಂದೆ ತಾಯಿಗಳು ಅದರ ಅಂಚನ್ನು ಕೈಯಿಂದ ಒತ್ತಿ, ತಳದಲ್ಲಿ ನೀರು ನಿಂತಿದೆಯೇ ಎಂದು ನೋಡಲಿ. ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತುವುದೇ ಬೇಡ. ದಡದಲ್ಲಿ ದೋಣಿ ಬೋರಲು ಬಿದ್ದಿದ್ದು, ಯಾರಾದರೂ ಅದಕ್ಕೆ ದಬ್ಬೆ ಹೆಣೆಯುತ್ತಿದ್ದರೆ, ಮಕ್ಕಳನ್ನು ಸ್ವಲ್ಪ ಹೊತ್ತು ಅಲ್ಲಿ ನಿಲ್ಲಗೊಡಲಿ. ನೀರಿನ ಮೇಲೆ ಸುತ್ತಿ ಬರುವ ಕಾಲು ಗಂಟೆಗಿಂತ ಅಲ್ಲಿ ಕಲಿಯುವುದು ಹೆಚ್ಚು.