ಚಿಕ್ಕದನ್ನು ಚಿಕ್ಕದೆನ್ನಲು ಸಂಕೋಚವೇಕೆ?

ನಮ್ಮ ಹಿರಿಯರ ಕಾಲದಲ್ಲಿ ಪಾವು ಎಂದರೆ ಪಾವು, ಸೇರು ಎಂದರೆ ಸೇರು. ಹೆಸರು ಕೇಳಿದೊಡನೆ ಅಳತೆ ಕಣ್ಣ ಮುಂದೆ ಬರುತ್ತಿತ್ತು. ಇಂದು ನಗರದ ದೊಡ್ಡ ಕಾಫಿ ಅಂಗಡಿಗಳಲ್ಲಿ ಆ ನೆಮ್ಮದಿ ನಮಗಿಲ್ಲ. ಗೋಡೆಯ ಫಲಕದಲ್ಲಿ 'ಟಾಲ್', 'ಗ್ರಾಂಡೆ', 'ವೆಂಟಿ' ಎಂದು ಬರೆದಿರುತ್ತದೆ. ಯಾವುದು ದೊಡ್ಡದು, ಯಾವುದು ಚಿಕ್ಕದು?

ಈ ಹೆಸರುಗಳನ್ನು ಜಗತ್ತಿಗೆಲ್ಲ ಹಂಚಿದ್ದು ಅಮೆರಿಕದ ಸ್ಟಾರ್‌ಬಕ್ಸ್ ಕಂಪೆನಿ. 1971ರಲ್ಲಿ ಸಿಯಾಟಲ್ ನಗರದಲ್ಲಿ ಆರಂಭವಾದಾಗ ಅದು ಕಾಫಿ ಬೀಜ ಮಾರುವ ಅಂಗಡಿಯಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಹೋವರ್ಡ್ ಶುಲ್ಟ್ಸ್ 1983ರಲ್ಲಿ ಇಟಲಿಯ ಮಿಲಾನ್‌ಗೆ ಹೋಗಿ, ಅಲ್ಲಿನ ಕಾಫಿ ಅಂಗಡಿಗಳಿಗೆ ಮಾರುಹೋದರು. 1986ರಲ್ಲಿ ಇಟಲಿಯ ಹೆಸರಿನದೇ ಒಂದು ಅಂಗಡಿ ತೆರೆದರು. ಮರುವರ್ಷ ಸ್ಟಾರ್‌ಬಕ್ಸನ್ನೇ ಕೊಂಡುಕೊಂಡರು. ಆ ಇಟಲಿ ಪ್ರೇಮವೇ ಲೋಟದ ಹೆಸರುಗಳಲ್ಲೂ ಉಳಿಯಿತು.

ಗ್ರಾಂಡೆ ಎಂದರೆ ಇಟಾಲಿಯನ್ ಭಾಷೆಯಲ್ಲಿ ದೊಡ್ಡದು. ವೆಂಟಿ ಎಂದರೆ ಇಪ್ಪತ್ತು. ಅಂದರೆ 20 ಔನ್ಸು, ಸುಮಾರು 590 ಮಿಲಿಲೀಟರ್. 2011ರಲ್ಲಿ ತಣ್ಣನೆಯ ಪಾನೀಯಗಳಿಗೆಂದು ಬಂದ 'ಟ್ರೆಂಟಾ' ಎಂದರೆ ಮೂವತ್ತು, ಆದರೆ ಆ ಲೋಟ ಹಿಡಿಯುವುದು 31 ಔನ್ಸು! ಟಾಲ್ ಮಾತ್ರ ಇಂಗ್ಲಿಷ್, ಎತ್ತರದ್ದು ಎಂದರ್ಥ. ತಮಾಷೆಯೆಂದರೆ ಇಟಲಿಯವರು ನಿಂತಲ್ಲೇ ಕುಡಿದು ಮುಗಿಸುವ ಎಸ್ಪ್ರೆಸೊ ಸುಮಾರು 30 ಮಿಲಿಲೀಟರ್ ಅಷ್ಟೆ. ಒಂದು ವೆಂಟಿ ಲೋಟದಲ್ಲಿ ಅಂಥ ಹತ್ತೊಂಬತ್ತು ಕಾಫಿ ಹಿಡಿಸುತ್ತವೆ.

ಮೊದಲು ಟಾಲ್‌ಗಿಂತ ಕೆಳಗೆ 8 ಔನ್ಸಿನ 'ಶಾರ್ಟ್' ಇತ್ತು. ಆಗ 12 ಔನ್ಸಿನ ಟಾಲ್ ಹೆಸರಿಗೆ ತಕ್ಕಂತೆ ಎತ್ತರದ್ದೇ. ವೆಂಟಿ ಬಂದ ಮೇಲೆ ಅಮೆರಿಕದ ಅಂಗಡಿಗಳ ಫಲಕದಿಂದ ಶಾರ್ಟ್ ಮರೆಯಾಯಿತು. ಕೇಳಿದವರಿಗೆ ಸಿಗುತ್ತಿತ್ತು, ಆದರೆ ಕಾಣದ್ದನ್ನು ಕೇಳುವವರಾರು? ಹೀಗೆ ಲೋಟ ಬೆಳೆಯದಿದ್ದರೂ, ಫಲಕದ ಅತಿ ಚಿಕ್ಕ ಲೋಟಕ್ಕೆ 'ಎತ್ತರದ್ದು' ಎಂಬ ಹೆಸರು ಉಳಿಯಿತು.

ಒಮ್ಮೆ ಅಂಥ ಒಂದು ಅಂಗಡಿಗೆ ಊರಿನಿಂದ ಬಂದ ನಮ್ಮ ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆವು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. "ಸಣ್ಣ ಲೋಟದ್ದು ಕೊಡಪ್ಪ" ಎಂದರು. "ಟಾಲಾ ಸರ್?" ಎಂದು ಹುಡುಗ ಕೇಳಿದ. "ಅಲ್ಲಪ್ಪ, ಸಣ್ಣದು" ಎಂದರು. ಹುಡುಗ ಮತ್ತೆ "ಟಾಲ್ ಸರ್" ಎಂದ. ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಮಾವ ಸುಮ್ಮನಾಗಿ ನಮ್ಮ ಮುಖ ನೋಡಿದರು. ಹುಡುಗನದು ತಪ್ಪಲ್ಲ, ಅವನಿಗೆ ಕಲಿಸಿದ್ದು ಅದನ್ನೇ. ಆದರೆ ತಿಳಿದವರನ್ನು ತಿಳಿಯದವರಂತೆ ನಿಲ್ಲಿಸುವ ಶಕ್ತಿ ಒಂದು ಹೆಸರಿಗಿದೆಯೆಂದು ಅಂದು ಕಂಡೆವು.

ಚಿಕ್ಕದು ಎಂದು ಕೇಳಲು ಯಾರಿಗೂ ನಾಚಿಕೆಯಾಗಬೇಕಿಲ್ಲ. ಕಾಫಿಯ ಚರಿತ್ರೆಯೇ ಚಿಕ್ಕ ಬಟ್ಟಲಿನದು. ಇಟಲಿಯ 'ಕಫೆ' ಎಂಬ ಪದ ತುರ್ಕಿಯ 'ಕಹ್ವೆ'ಯಿಂದ, ಅದು ಅರಬಿಯ 'ಕಹ್ವಾ'ದಿಂದ ಬಂದದ್ದು. ಫಲಕದಲ್ಲಿರುವ 'ಮೋಕಾ' ಯಮನ್ ದೇಶದ ಬಂದರಿನ ಹೆಸರು. ಅರಬರ ಮನೆಗಳಲ್ಲಿ ಹಿಡಿಯಿಲ್ಲದ ಪುಟ್ಟ ಫಿಂಜಾನ್‌ಗೆ ಕಾಫಿಯನ್ನು ತುಂಬಿಸದೆ ತುಸುವೇ ಹಾಕುತ್ತಾರೆ. ಮುಗಿದಂತೆ ಮತ್ತೆ ಹಾಕುತ್ತಾರೆ. ಸಾಕೆನಿಸಿದಾಗ ಅತಿಥಿ ಬಟ್ಟಲನ್ನು ಮೆಲ್ಲನೆ ಅಲುಗಾಡಿಸಿದರಾಯಿತು. ಅಲ್ಲಿ ಆದರವಿರುವುದು ಬಟ್ಟಲಿನ ಗಾತ್ರದಲ್ಲಲ್ಲ, ಮತ್ತೆ ಮತ್ತೆ ಬಡಿಸುವ ಕೈಯಲ್ಲಿ.

ಅದೇ ಯಮನ್‌ನಿಂದ ಬಾಬಾ ಬುಡನ್ ಅವರು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿ ನಮ್ಮದು. ಆ ಕಾಫಿಗೆ ನಮ್ಮ ಹೋಟೆಲುಗಳು ಕೊಟ್ಟ ಅಳತೆಯ ಹೆಸರು 'ಬೈಟು'. ಒಂದನ್ನು ಇಬ್ಬರಿಗೆ ಹಂಚಿ ಕೊಡುವುದು. ಅರ್ಧ ಲೋಟ ಎಂಬ ಸಂಕೋಚ ಅಲ್ಲಿ ಯಾರಿಗೂ ಇಲ್ಲ. ಬೈಟು ಎಂದು ಕೂಗಿದವನು ಕಡಿಮೆ ಕೇಳಿದನೆಂದು ಯಾರೂ ತಿಳಿಯುವುದಿಲ್ಲ; ಜೊತೆಗೊಬ್ಬರಿದ್ದಾರೆ ಎಂದು ತಿಳಿಯುತ್ತಾರೆ.